ಮ್ಯಾಲೊಂದು ಚಮಚಾ

ನಮ್ಮವ್ವನಿಗೆ ಕಂಪ್ಯೂಟರು ಚಾಲೂ ಮಾಡಲೂ ಬರುತ್ತಿರಲಿಲ್ಲ. ಆದರೂ ಆನ್‌ಲೈನ್ ಆಟದಲ್ಲಿ ಮೋಸಹೋಗದಂತೆ ವ್ಯಾಪಾರ ಮಾಡುವುದನ್ನು ನನಗೆ ಕಲಿಸಿದವಳು ಅವಳೇ. ಕಲಿಸುವ ಭರದಲ್ಲಿ ನನ್ನನ್ನು ಊರಿಗೆಲ್ಲ ಕಳ್ಳಿ ಮಾಡಿಟ್ಟವಳೂ ಅವಳೇ.

ಎರಡು ಸಾವಿರದ ಐದೋ ಆರೋ ಇರಬೇಕು. ಕಲಬುರ್ಗಿ ಕಡೆಯ ನಾವು ಪುಣೆಯ ಕೋಥರೂಡದ ಒಂದು ಸೊಸೈಟಿಯ ನೆಲಮಹಡಿಯಲ್ಲಿದ್ದೆವು. ನಾನು ಆಗಷ್ಟೇ ಕಾಲೇಜು ಸೇರಿದ್ದೆ. ಅಪ್ಪನ ಕಾರ್ಖಾನೆಯ ಆಫೀಸಿನವರು ಹಳೆಯದೆಂದು ಕೊಟ್ಟ ಕಂಪ್ಯೂಟರು ಅಡುಗೆಮನೆಯ ಬಾಗಿಲ ಪಕ್ಕದಲ್ಲೇ ಇತ್ತು. ಅದರೊಳಗಿನ ಆಟದಲ್ಲಿ ನಾನು ಬಿಲ್ಲುಗಾರ್ತಿ. ಎರಡು ತಿಂಗಳು ಕಾಡುಹಂದಿಗಳನ್ನು ಹೊಡೆದೂ ಹೊಡೆದೂ ಒಂದು ಕೆಂಪು ಬಿಲ್ಲು ಗಳಿಸಿದ್ದೆ. ಒಂದು ಮಧ್ಯಾಹ್ನ ಗುರುತಿಲ್ಲದವನೊಬ್ಬ ಬಂದು, ಎಂಥ ಚಂದದ ಬಿಲ್ಲು, ಒಮ್ಮೆ ಹಿಡಿದು ನೋಡಿ ವಾಪಸು ಕೊಡುತ್ತೇನೆ ಅಂದ. ನಾನೂ ಉಬ್ಬಿಹೋಗಿ ಕೊಟ್ಟೆ. ಆಸಾಮಿ ಬಿಲ್ಲಿನ ಸಮೇತ ಮಾಯ. ನಾನು ಗೊಳೋ ಎಂದು ಅತ್ತೆ.

ಅವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ನಡೆದದ್ದನ್ನೆಲ್ಲ ಕೇಳಿ ಹಣೆ ಬಡಿದುಕೊಂಡಳು.

“ನೋಡಾಕಂತ ಕೊಟ್ಟೆಂತ! ಏನ್ ಹುಚ್ಚ ಹುಡುಗಿ ಅದೀಯ. ಭಾಂಡೆ ಕೈಗೆ ಬರೂದ್ಕ ಮೊದಲ ನಾ ಎಂದರ ಸೀರಿ ಕೊಟ್ಟೀನೇನು?”

ಅವಳು ಹೇಳಿದ್ದು ಬೋಹಾರೀಣಳ ವಿಷಯ. ಪುಣೆಯ ಓಣಿಗಳಲ್ಲಿ ಬುಟ್ಟಿ ಹೊತ್ತು ತಿರುಗಿ, ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವ ಹೆಂಗಸರಿಗೆ ಹಾಗನ್ನುತ್ತಾರೆ. ನಮ್ಮ ಬಾಗಿಲಿಗೆ ಹತ್ತು ವರ್ಷದಿಂದ ಒಬ್ಬಳೇ ಬರುತ್ತಿದ್ದಳು. ಅವಳೊಡನೆ ಜಗಳವಾಡಿ ಅವ್ವ ಗಳಿಸಿದ ವಿದ್ಯೆಯೆಲ್ಲ ಅವತ್ತು ನನ್ನ ತಲೆಗೆ ಸುರಿಯಿತು. ನಮ್ಮ ವಸ್ತು ನಮ್ಮ ಮಡಿಲು ಬಿಡಬಾರದು. ದಪ್ಪ ಡಬ್ಬಿ ತೋರಿಸಿ ತೆಳುವಾದದ್ದು ದಾಟಿಸುವವರಿದ್ದಾರೆ, ಕೊನೇ ಗಳಿಗೆಯಲ್ಲೂ ತಳ ತಿರುವಿ ನೋಡಬೇಕು. ಲಗೂ ಲಗೂ ಎಂದು ಗಡಿಬಿಡಿ ಮಾಡುವವರ ಮುಖದ ಮೇಲೆ ಕದ ಹಾಕಬೇಕು. ಎರಡೂ ಕಡೆಯವರು ತಮ್ಮ ವಸ್ತುವನ್ನು ಎದುರಿಗಿಟ್ಟು, ಇಬ್ಬರೂ ‘ಒಪ್ಪಿಗೆ’ ಒತ್ತಿದ ಮೇಲಷ್ಟೇ ಅದಲುಬದಲಾಗುವ ಕಿಟಕಿಯೊಂದು ಆಟದಲ್ಲೂ ಇತ್ತು. ನಾನು ಅದನ್ನು ತೆರೆದೇ ನೋಡಿರಲಿಲ್ಲ.

ಮತ್ತೆ ಹಂದಿ ಹೊಡೆದೆ. ಈ ಸಲ ಒಳ್ಳೆಯದೊಂದು ಗುರಾಣಿ ಸಿಕ್ಕಿತು. ಹಸಿರು ಟೋಪಿಯವನೊಬ್ಬ ಅದಕ್ಕೆ ಅಂಥದ್ದೇ ಕೆಂಪು ಬಿಲ್ಲು ಕೊಡಲು ಮುಂದೆ ಬಂದ. ಭಾನುವಾರ ನಮ್ಮ ಗುಂಪು ಕೋಟೆಗೆ ಲಗ್ಗೆ ಹಾಕುವುದಿತ್ತು. ಬಿಲ್ಲಿಲ್ಲದ ಬಿಲ್ಲುಗಾರ್ತಿಯನ್ನು ಯಾರು ಕರೆದೊಯ್ಯುತ್ತಾರೆ? ಆ ಬಿಲ್ಲು ನನಗೆ ಬೇಕೇ ಬೇಕಾಗಿತ್ತು.

ಅವ್ವ ಪಲ್ಯದ ಚವಳಿಕಾಯಿ ಸೋಸುತ್ತ ಪಕ್ಕದ ಸ್ಟೂಲಿನ ಮೇಲೆ ಕೂತಳು. ಅವನು ಬಿಲ್ಲು ಇಟ್ಟ, ನಾನು ಗುರಾಣಿ ಇಟ್ಟೆ. ಅವ್ವನ ಅಪ್ಪಣೆಯಂತೆ ಬಿಲ್ಲಿನ ‘ತಳ’ ನೋಡಿದೆ. ಅಪ್ಪಟ ಮಾಲು. ಅವನು ಒಪ್ಪಿಗೆ ಒತ್ತಿದ. ನಾನಿನ್ನೇನು ಒತ್ತಬೇಕು, ಅಷ್ಟರಲ್ಲಿ ಅವ್ವ ನನ್ನ ಕೈ ಹಿಡಿದಳು.

“ತಡಿ. ಮ್ಯಾಲೊಂದು ಚಮಚಾ ಕೇಳು.”

ಇದು ಅವಳ ಪದ್ಧತಿ. ಚೌಕಾಸಿಯೆಲ್ಲ ಮುಗಿದು ಬೋಹಾರೀಣ ಗಂಟು ಕಟ್ಟುವಾಗ ಅವ್ವ ಒಂದು ಚಮಚ ಕೇಳಬೇಕು, ಅವಳು ಗೊಣಗಬೇಕು, ಗೊಣಗುತ್ತಲೇ ಕೊಡಬೇಕು. ನಮ್ಮ ಮನೆಯಲ್ಲಿ ಒಂದು ಮದುವೆಗೆ ಸಾಲುವಷ್ಟು ಚಮಚಗಳಿದ್ದವು. ನಾನು ಹತ್ತು ಬಾಣ ಕೇಳಿದೆ. ಕೇಳುವ ಮೊದಲು, ಮರೆತು ಒತ್ತಿಬಿಟ್ಟೇನೆಂದು ಗುರಾಣಿಯನ್ನು ವಾಪಸು ಎತ್ತಿಕೊಂಡೆ ಬೇರೆ.

ಆಟದ ಕಳ್ಳರು ಮಾಡುವುದೂ ಇದನ್ನೇ ಎಂದು ನನಗೇನು ಗೊತ್ತು! ಎದುರಿನವರು ಒಪ್ಪಿದ ಮೇಲೆ ವಸ್ತು ಎತ್ತಿಕೊಂಡು, ಏನೋ ಮಾತು ತೆಗೆದು, ಅದರ ಜಾಗದಲ್ಲಿ ಅದೇ ರೂಪದ ರದ್ದಿ ಮಾಲು ಇಡುತ್ತಾರಂತೆ. ಹಸಿರು ಟೋಪಿಯವನು ಫಟ್ಟನೆ ಕಿಟಕಿ ಮುಚ್ಚಿದ. ಆಮೇಲೆ ಆಟದ ಸಂತೆಚೌಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆದ: ಈ ಬಿಲ್ಲುಗಾರ್ತಿ ಕಳ್ಳಿ, ಹುಷಾರು.

ಎರಡು ದಿನ ಯಾರೂ ನನ್ನ ಹತ್ತಿರ ಸುಳಿಯಲಿಲ್ಲ. ಹೆಸರು ಕೆಟ್ಟವರು ನಮಗೆ ಬೇಡ ಎಂದು ಗುಂಪಿನ ನಾಯಕನೂ ಹೇಳಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಿಟ್ಟೆಲ್ಲ ಅವ್ವನ ಮೇಲೆ ತಿರುಗಿತು.

“ನಿನ್ನ ಚಮಚಾದ ಸಲುವಾಗಿ ನಾ ಕಳ್ಳಿ ಅನಿಸ್ಕೊಂಡೆ!”

ಅವ್ವ ತಲೆ ತಗ್ಗಿಸಿ ರೊಟ್ಟಿ ಬಡಿಯತೊಡಗಿದಳು. ಅದನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು, ಆದರೆ ಸಿಟ್ಟೇನೂ ಇಳಿಯಲಿಲ್ಲ.

ಶುಕ್ರವಾರ ಬೋಹಾರೀಣ ಬಂದಾಗ ಅವ್ವ ಬಟ್ಟೆ ತೆಗೆಯಲೇ ಇಲ್ಲ. ಬದಲಿಗೆ ಅವಳಿಗೊಂದು ಕಪ್ ಚಹಾ ಕೊಟ್ಟು, ತನ್ನ ಅರೆಬರೆ ಮರಾಠಿಯಲ್ಲಿ ಕೇಳಿದಳು: ಗಿರಾಕಿ ನಿನ್ನನ್ನು ಕಳ್ಳಿ ಅಂದುಕೊಂಡು ಕದ ಹಾಕಿದರೆ ನೀನೇನು ಮಾಡುತ್ತೀ?

ಅವಳು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಯೋಚಿಸಿದಳು. ಅದೇ ಬಾಗಿಲಿಗೆ ಮತ್ತೆ ಹೋಗಬೇಕು, ಎಂದಳು. ಪಾತ್ರೆ ಕೆಳಗಿಟ್ಟು ಕೈ ತೆಗೆದುಬಿಡಬೇಕು. ಗಿರಾಕಿ ತಿರುವಿ, ಬಡಿದು, ಮನಸ್ಸು ತುಂಬುವ ತನಕ ನೋಡಲಿ. ನಾವು ಬಾಯಿ ಬಿಡಬಾರದು.

ಶನಿವಾರ ಹಸಿರು ಟೋಪಿಯವನನ್ನು ಹುಡುಕಿ ಹೋದೆ. ಗುರಾಣಿಗೆ ಬಿಲ್ಲು, ಮೇಲೇನೂ ಬೇಡ, ಎಷ್ಟು ಹೊತ್ತಾದರೂ ನೋಡಿಕೋ ಎಂದು ಬರೆದೆ. ಗುರಾಣಿ ಇಟ್ಟು, ಎರಡೂ ಕೈಗಳನ್ನು ತೊಡೆಯಡಿಗೆ ಹಾಕಿಕೊಂಡು ಕೂತೆ. ಅವನು ಬಿಲ್ಲು ಇಟ್ಟ, ತೆಗೆದ, ಮತ್ತೆ ಇಟ್ಟ. ಅರ್ಧ ಗಂಟೆ ನನ್ನ ಜೀವ ತಿಂದ. ಕೊನೆಗೆ ಒತ್ತಿದ. ನಾನೂ ಒತ್ತಿದೆ. ಬಿಲ್ಲು ಬಂತು! ಸಂಜೆ ಅದೇ ಚೌಕದಲ್ಲಿ, ಅವಳು ಕಳ್ಳಿಯಲ್ಲ, ನನ್ನದೇ ತಪ್ಪು ಎಂದು ಅವನು ಬರೆದ. ಅವ್ವ ಅದನ್ನು ನನ್ನಿಂದ ಮೂರು ಸಲ ಓದಿಸಿದಳು. ಭಾನುವಾರ ಕೋಟೆಗೂ ಹೋದೆ. ಮೊದಲ ಬಾಗಿಲಲ್ಲೇ ಸತ್ತೆ, ಆ ಮಾತು ಬೇರೆ.

ಮುಂದಿನ ತಿಂಗಳು ಬೋಹಾರೀಣ ಬಂದಳು. ಎರಡು ಸೀರೆ, ಅಪ್ಪನ ಒಂದು ಪ್ಯಾಂಟಿಗೆ ದಪ್ಪ ತಳದ ಡಬ್ಬಿ ಎಂದು ಮಾತಾಯಿತು. ಅವಳು ಗಂಟು ಕಟ್ಟಿ ಅವ್ವನ ಮುಖ ನೋಡಿದಳು. ಅವ್ವ ಬಾಯಿ ಬಿಡಲಿಲ್ಲ. ನನ್ನ ಹೆಸರು ಕೆಟ್ಟಂದಿನಿಂದ ಚಮಚದ ಆಸೆ ಬಿಟ್ಟಿದ್ದಳು ಪಾಪ.

ಚಮಚ ಕೇಳದ ಅವ್ವನನ್ನು ಕಂಡು ಬೋಹಾರೀಣಳ ಮುಖ ಬದಲಾಯಿತು. ಕಟ್ಟಿದ ಗಂಟು ಬಿಚ್ಚಿದಳು. ಸೀರೆಯನ್ನು ಅಂಚಿನಿಂದ ಅಂಚಿಗೆ ಹರವಿ, ಬಿಸಿಲಿಗೆ ಹಿಡಿದು, ಒಂದೊಂದೇ ಮೊಳ ಸರಿಸುತ್ತ ತೂತು ಹುಡುಕಿದಳು.

“ಫಾಟ್ಲಂಯ್ ಕಾ ಕುಠಂ?” ಎಲ್ಲಾದರೂ ಹರಿದಿದೆಯಾ ಎಂದು ಅವ್ವನನ್ನೇ ಕೇಳಿದಳು.

ಹತ್ತು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ಅವ್ವನ ಮುಖ ಕೆಂಪಾಯಿತು. ಕಳ್ಳಿ ಅನಿಸಿಕೊಳ್ಳುವುದು ಹೇಗಿರುತ್ತದೆಂದು ನನಗೆ ಗೊತ್ತಿತ್ತಲ್ಲ. ನಾನೇ ಅವ್ವನ ಕಿವಿಯಲ್ಲಿ ಹೇಳಿದೆ, “ಕೇಳಬೇ, ಕೇಳು.”

“ವರ್ ಏಕ್ ಚಮಚಾ ದೇ ಗ,” ಎಂದಳು ಅವ್ವ, ಮೆಲ್ಲಗೆ.

“ಅಸಂ ಬೋಲ ಕೀ!” ಹಾಗನ್ನಬಾರದಾ ಎಂದು ಗದರಿ, ಬೋಹಾರೀಣ ಬುಟ್ಟಿಯಿಂದ ಒಂದು ಚಮಚ ತೆಗೆದು ಎಸೆದಳು. ಉಳಿದ ಸೀರೆಯನ್ನು ಬಿಚ್ಚಿಯೂ ನೋಡದೆ, ಗೊಣಗುತ್ತ ಗಂಟು ಕಟ್ಟಿದಳು.