ಬೀಟೆ ತೊಟ್ಟಿಲಿನ ಹಲಗೆ

ಹಳೇ ಹೊಲಿಗೆ ಮೆಷಿನ್ನಿನ ಸ್ಟ್ಯಾಂಡಿಗೆ ದಾರದಷ್ಟು ಸಣ್ಣ ಗರಗಸ ಸಿಕ್ಕಿಸಿ, ಕಾಲಲ್ಲಿ ತುಳಿಯುತ್ತಾ ಹಲಗೆಯಲ್ಲಿ ಗಿಳಿ, ಬಳ್ಳಿ ಕೊಯ್ಯುವುದು ನನ್ನ ಭಾನುವಾರದ ಹುಚ್ಚು. ಆ ಹುಚ್ಚಿಗೇ ಒಮ್ಮೆ ಹಾನುಬಾಳಿನ ಸೋದರಮಾವನ ಮನೆಯಿಂದ, ಮುರಿದ ತೊಟ್ಟಿಲಿನ ಹಲಗೆಯೊಂದನ್ನು ಕೇಳಿ ತರುತ್ತಿದ್ದೆ. ದಾರಿಯ ಚೆಕ್‌ಪೋಸ್ಟಿನಲ್ಲಿ ಬಸ್ ಹತ್ತಿದ ಫಾರೆಸ್ಟ್ ಗಾರ್ಡು ಸೀದಾ ಹಲಗೆಯ ತುದಿ ಇಣುಕುತ್ತಿದ್ದ ನನ್ನ ಚೀಲದ ಹತ್ತಿರವೇ ಬಂದು ನಿಂತರು.

"ಬೀಟೆ ಕಣ್ರೀ ಇದು. ಪಾಸ್ ಐತಾ?"

ಬೀಟೆ ಮರ ಸಾಗಿಸಲು ಅರಣ್ಯ ಇಲಾಖೆಯ ಪಾಸ್ ಬೇಕು; ಇಲ್ಲದಿದ್ದರೆ ಹಲಗೆ ಅಲ್ಲೇ ಇಳಿಯಬೇಕು, ಜೊತೆಗೆ ನಾನೂ.

"ತೊಟ್ಟಿಲಿಗೆ ಯಾರು ಸಾರ್ ಪಾಸ್ ಮಾಡಿಸ್ತಾರೆ?"

"ತೊಟ್ಟಿಲು ಅನ್ನೋಕೆ ಗುರುತೇನೈತೆ?"

ಹಲಗೆಯ ಅಂಚು ತಿರುಗಿಸಿ ತೋರಿಸಿದೆ. ಹಲ್ಲು ಬರುವಾಗ ಮಗು ಕಚ್ಚಿದ ನಾಲ್ಕು ಪುಟ್ಟ ಗುಳಿಗಳಿದ್ದವು. ಅವರು ಅದರ ಮೇಲೆ ನಿಧಾನವಾಗಿ ಬೆರಳಾಡಿಸಿದರು.

"ಯಾರ ಹಲ್ಲು?"

"ನಂದೇ ಸಾರ್. ಅಮ್ಮನ ಬಾಣಂತನ ಆಗಿದ್ದು ಮಾವನ ಮನೇಲೇ."

ಇಡೀ ಬಸ್ಸು ನನ್ನ ಬಾಯಿ ನೋಡಿತು.

ಗಾರ್ಡು ನಗು ತಡೆದುಕೊಂಡು, "ಏನು ಕೊಯ್ತೀರಿ ಇದ್ರಲ್ಲಿ?" ಅಂದರು.

"ಆನೆ."

"ಅಯ್ಯೋ ಮಾರಾಯ್ರೇ, ಇರೋವೇ ಸಾಲ್ದಾ! ಹೋಗ್ಲಿ, ಆ ಹಲ್ಲಿನ ಗುರುತು ಮಾತ್ರ ಕೊಯ್ದು ಹಾಕ್ಬ್ಯಾಡಿ. ಅದೇ ನಿಮ್ಮ ಪಾಸು."

ನಾನು ಅವರ ಮಾತು ಮೀರಲಿಲ್ಲ. ಆ ಅಂಚನ್ನೇ ಬೆನ್ನು ಮಾಡಿ ಆನೆ ಕೊಯ್ದೆ. ಅದು ಈಗಲೂ ನಮ್ಮ ಷೋಕೇಸಿನಲ್ಲಿ ನಿಂತಿದೆ. ನಮ್ಮ ಸೀಮೆಯಲ್ಲಿ ಎಷ್ಟು ಆನೆಗಳು ಓಡಾಡಿದರೂ, ಪಾಸ್ ಇಟ್ಟುಕೊಂಡಿರುವುದು ಅದೊಂದೇ.