ನಿಂತ ಯಂತ್ರಕ್ಕೆ ಕಟ್ಟಿದ ಒಡ್ಡು

ಬೆಳ್ಳಪ್ಪ ಕೆಟ್ಟವನೇನಲ್ಲ, ಹಟಮಾರಿ. ಹೊಸನಗರದ ಕಡೆಯ ತನ್ನೂರಿಗೆ ಸರ್ಕಾರದ ಕರೆಂಟು ಬರುವ ಮೊದಲೇ ಹಳ್ಳದ ನೀರಿನಿಂದ ತಿರುಗುವ ಯಂತ್ರ ಕೂರಿಸಿದವನು. ಹಗಲು ಅಕ್ಕಿ ಗಿರಣಿ, ಸಂಜೆ ಬೀದಿಗೆ ದೀಪ. ಆದರೆ ಹಳ್ಳವನ್ನು ಅಳೆಸಿದ್ದು ಆಷಾಢದಲ್ಲಿ! ಆ ನೀರು ನೋಡಿ ತಲೆ ತಿರುಗಿ, ಅದಕ್ಕೆ ತಕ್ಕ ದೊಡ್ಡ ಯಂತ್ರವನ್ನೇ ಸಾಲ ಮಾಡಿ ತಂದ.

ಮಳೆಗಾಲದ ಅಕ್ಕಿಯನ್ನು ನಮ್ಮ ಕಡೆ ಬೇಸಿಗೆಯಲ್ಲೇ ಮಾಡಿಸಿಟ್ಟುಕೊಳ್ಳುತ್ತಾರೆ. ಮಳೆ ಹಿಡಿದ ಮೇಲೆ ಗಿರಣಿಗೆ ಭತ್ತ ಹೊತ್ತು ಬರುವ ಪುಣ್ಯಾತ್ಮ ಯಾರಿದ್ದಾನೆ? ನೀರಿದ್ದಾಗ ಭತ್ತವಿಲ್ಲ, ಭತ್ತ ಬಂದಾಗ ನೀರಿಲ್ಲ. ವರ್ಷದ ಮುಕ್ಕಾಲು ಪಾಲು ಯಂತ್ರ ಸುಮ್ಮನೆ ಕೂತಿತು. ಸಾಲದ ಕಂತು ಮಾತ್ರ ತಪ್ಪದೆ ಬಂತು.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಅಲ್ಲಿಗೆ ಹೋಗಿ ಬಂದವನು, ಹಳ್ಳದ ಕೆಳದಂಡೆಯಲ್ಲಿ ಮನೆ ಮಾಡಿಕೊಂಡು ಒಬ್ಬಳೇ ಇದ್ದ ತಂಗಿ ಹಾಲಮ್ಮನಿಗೆ ಹೇಳಿದ: "ನೀರು ಹಿಡಿದಿಟ್ರೆ ಬ್ಯಾಸಿಗೇಲೂ ಮೆಷಿನ್ ಓಡ್ತದೆ ಕಣೆ. ಓಡಿದಷ್ಟೂ ಸಾಲದ ಭಾರ ಹಗುರ."

"ಹಿಡಿದಿಡಣ್ಣ. ಆದ್ರೆ ಮೊದಲ ಮಳೆಗೆ ತೂಬು ತೆಗೆದುಬಿಡು. ಕೆಳಗೆ ನಾನಿದೀನಿ," ಎಂದಳು ಹಾಲಮ್ಮ.

ಮರದ ದಿಮ್ಮಿ, ಮಣ್ಣು ಹಾಕಿ ಎತ್ತರದ ಒಡ್ಡು ಕಟ್ಟಿದ. ದಿನಗಟ್ಟಲೆ ಹಿಡಿದಿಟ್ಟ ನೀರಿನಿಂದ ಹಗಲಿಡೀ ಗಿರಣಿ ನಡೆಯಿತು. ಅಕ್ಕಪಕ್ಕದ ಊರುಗಳಿಂದ ಭತ್ತದ ಗಾಡಿಗಳು ಬಂದು ಸಾಲುಗಟ್ಟಿದವು. ಬೆಳ್ಳಪ್ಪನ ಮುಖದಲ್ಲಿ ನಗು ಕಂಡು ಎಷ್ಟು ದಿನವಾಗಿತ್ತೋ!

ವೈಶಾಖದ ಒಂದು ಮಧ್ಯಾಹ್ನ ಮೇಲಿನ ಕಾಡಿನಲ್ಲಿ ಮಳೆ ಹೊಡೆಯಿತು. ಊರಿನಲ್ಲಿ ಒಂದು ಹನಿಯೂ ಇಲ್ಲ. ಹಾಲಮ್ಮನಿಗೆ ಗೊತ್ತಾಗುವುದಾದರೂ ಹೇಗೆ?

"ನೀರು ಕೆಂಪಗೆ ಬರ್ತಿದೆ ಬೆಳ್ಳಪ್ಪಣ್ಣ, ತೂಬು ತೆಗೆಯಾನ," ಎಂದ ಗಿರಣಿಯ ಆಳು ಕನ್ನಪ್ಪ.

ತೆಗೆದರೆ ಒಡ್ಡಿನ ಹಿಂದಿನ ಕೊಳ ಬರಿದು. ಒಂದು ಮಳೆಯ ನೀರು ಎಷ್ಟು ಹೊತ್ತು ಬಂದೀತು? ನಾಳೆ ಯಂತ್ರ ಮತ್ತೆ ನಿಲ್ಲುತ್ತದೆ, ಗಾಡಿಗಳು ಬೇರೆ ಗಿರಣಿಗೆ ಹೋಗುತ್ತವೆ.

"ಈ ಗಾಡಿ ಮುಗೀಲಿ ತಡಿಯೋ," ಎಂದ ಬೆಳ್ಳಪ್ಪ. ಅದು ಮುಗಿಯಿತು. ಅದರ ಹಿಂದೆ ನಿಂತದ್ದೂ ಮುಗಿಯಲಿ ಎಂದ. ಅದು ಅರ್ಧವಾಗುವಷ್ಟರಲ್ಲಿ ಒಡ್ಡು ಕಿತ್ತುಹೋಯಿತು.

ಹಾಲಮ್ಮನ ಹೆಣ ಸಿಕ್ಕಿದ್ದು ಮೂರು ಗದ್ದೆ ಆಚೆ, ಬಿದಿರು ಮೆಳೆಯಲ್ಲಿ.

ಅವಳ ತಿಥಿಗೆ ಮನೆಮನೆಯಿಂದ ಅಕ್ಕಿ ತಂದರು. ಅವನ ಗಿರಣಿಯದೇ ಅಕ್ಕಿ, ಬೇರೆ ಎಲ್ಲಿಂದ ತರುತ್ತಾರೆ? ಎಲೆಗೆ ಅನ್ನ ಬಿತ್ತು. ಬೆಳ್ಳಪ್ಪ ಅದನ್ನೇ ನೋಡುತ್ತಾ ಕೂತ.

"ಒಂದು ತುತ್ತಾದ್ರೂ ಉಣ್ಣು," ಎಂದ ಕನ್ನಪ್ಪ.

"ನನ್ನ ತಂಗೀನ ಕೊಟ್ಟು ಮಾಡಿದ ಅಕ್ಕಿ ಕಣೋ ಇದು. ನನ್ನ ಕೈಲಿ ಆಗಲ್ಲ," ಎಂದು ಬೆಳ್ಳಪ್ಪ ಎಲೆ ಬಿಟ್ಟು ಎದ್ದ.