ಚಪ್ಪಲಿ ಬಿಟ್ಟು ಬಂದ ಕಳ್ಳ

ಸಂಜೆ ಏಳೂವರೆಗೆ ಬುಕ್ಕಸಾಗರದ ಭರಮಮ್ಮನನ್ನು ಯಾರೂ ಮಾತಾಡಿಸುವಂತಿಲ್ಲ. ಗಂಡ ಬದುಕಿದ್ದಾಗಲೂ ಮಾತಾಡಿಸುತ್ತಿರಲಿಲ್ಲ, ಪಾಪ. ಅದು ಟಿವಿಯಲ್ಲಿ ಇನ್‌ಸ್ಪೆಕ್ಟರನ ಧಾರಾವಾಹಿಯ ಹೊತ್ತು. ಆ ಪುಣ್ಯಾತ್ಮ ಮೊದಲು ಬಾರಿಸುತ್ತಾನೆ, ಆಮೇಲೆ ಹೆಸರು ಕೇಳುತ್ತಾನೆ. ಏಟು ತಿನ್ನುವವನು ಯಾವಾಗಲೂ ಕಪ್ಪಗಿರುತ್ತಾನೆ, ಹೊರಗಿನಿಂದ ಬಂದವನಾಗಿರುತ್ತಾನೆ. ಕೊನೆಗೆ ಎಲ್ಲರೂ ‘ಆತ್ಮರಕ್ಷಣೆ’ ಎಂದು ಹೇಳಿ ಮನೆಗೆ ಹೋಗುತ್ತಾರೆ. ಭರಮಮ್ಮನಿಗೆ ಆ ಪದವೆಂದರೆ ಪಂಚಪ್ರಾಣ. ಸೆರಗಿನ ತುದಿಗೆ ಎಲೆ ಅಡಿಕೆ ಕಟ್ಟುತ್ತಿದ್ದವಳು ಈಗ ಖಾರಪುಡಿ ಕಟ್ಟಿಕೊಂಡು ತಿರುಗುತ್ತಿದ್ದಳು. ಮರೆತು ಅದರಿಂದಲೇ ಮೂಗು ಒರೆಸಿಕೊಂಡು ಅರ್ಧ ದಿನ ಸೀನಿದರೂ ಬುದ್ಧಿ ಬರಲಿಲ್ಲ.

ಭತ್ತದ ಸುಗ್ಗಿ. ಅವಳ ಇಡೀ ಬೆಳೆ ಕಣದಲ್ಲಿ ರಾಶಿ ಬಿದ್ದಿತ್ತು. ಮುಸ್ಸಂಜೆ ಹೋಗಿ ನೋಡಿದರೆ, ರಾಶಿಯ ಪಕ್ಕ ಕರ್ರಗಿನವನೊಬ್ಬ ಬಗ್ಗಿದ್ದಾನೆ.

"ಕಳ್ಳ ಬಂದಾನ, ಬರ್ರೋ," ಎಂದು ಕೂಗಿದಳು. ಖುಷಿಯಿಂದ ಸೆರಗಿನ ಗಂಟು ಬಿಚ್ಚಿದಳು. ಇಷ್ಟು ವರ್ಷ ಕಾದ ಎಪಿಸೋಡು ಅವಳ ಕಣದಲ್ಲೇ ನಡೆಯುತ್ತಿತ್ತಲ್ಲ.

ಖಾರ ಹಿಡಿದು ಓಡಿದವಳು ಕಣದಂಚಿನಲ್ಲಿ ಏನನ್ನೋ ಎಡವಿದಳು. ಒಂದು ಜೊತೆ ಹವಾಯಿ ಚಪ್ಪಲಿ, ಒಪ್ಪವಾಗಿ ಬಿಟ್ಟದ್ದು. ಅವಳು ಅಲ್ಲೇ ನಿಂತಳು. ರಾಶಿ ಅಂದರೆ ಲಕ್ಷ್ಮಿ, ಅದರ ಹತ್ತಿರ ಯಾರೂ ಮೆಟ್ಟಿಕೊಂಡು ಹೋಗುವುದಿಲ್ಲ. ಕದಿಯಲು ಬಂದವನು ಇದನ್ನೆಲ್ಲ ನೋಡುತ್ತಾನೆಯೇ? ಕಣ್ಣರಳಿಸಿ ನೋಡಿದಳು. ಕೊಯ್ಲಿನ ಮಷಿನ್ ಜೊತೆ ಒಡಿಶಾದಿಂದ ಬಂದ ಕೂಲಿಯವನು. ಮೋಡ ಕಂಡು ರಾಶಿಗೆ ತಾಡಪಾಲು ಹೊದಿಸುತ್ತಿದ್ದ.

ಅಷ್ಟರಲ್ಲಿ ಪಕ್ಕದ ಹೊಲದ ಎರ್ರಿಯಪ್ಪ ಬಡಿಗೆ ಹಿಡಿದ ಮಂದಿಯನ್ನು ಕರೆದುಕೊಂಡು ಬಂದೇಬಿಟ್ಟ. ಕನ್ನಡ ಬಾರದ ಆ ಮನುಷ್ಯ ಕೈ ಮುಗಿದು ನಿಂತ. ಭರಮಮ್ಮನ ಒಂದು ಕೂಗಿಗೆ ಅವನ ತಲೆ ಒಡೆಯುವುದರಲ್ಲಿತ್ತು.

"ಅತ್ತ ಸರಿ ಬೇ ದೊಡ್ಡವ್ವ. ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನು? ಕರ್ರಗ ಕಳ್ಳನಂಗ ಅದಾನ," ಎಂದ ಎರ್ರಿಯಪ್ಪ.

"ನಾನೇನು ಕೆಂಪಗ ಅದೀನೇನಲೇ? ಮೊದ್ಲು ನನ್ನ ಹೊಡಿ," ಎಂದು ಅಡ್ಡ ನಿಂತು ಖಾರ ಎತ್ತಿ ಹಿಡಿದಳು. "ತಪ್ಪು ನಂದು, ಸುಮ್ನ ಕೂಗಿದೆ. ಅವನ ಚಪ್ಪಲಿ ಎಲ್ಲಿ ಅದಾವ ನೋಡ್ರಿ. ಆಮ್ಯಾಲ ನಿಮ್ಮ ಕಾಲು ನೋಡ್ಕೊಳ್ರಿ."

ಎಲ್ಲರೂ ಬಗ್ಗಿ ನೋಡಿಕೊಂಡರು. ಎರ್ರಿಯಪ್ಪ ಚಪ್ಪಲಿಗಾಲಲ್ಲೇ ರಾಶಿಯ ಅಂಚು ತುಳಿದು ನಿಂತಿದ್ದ.

ಆಗಲೇ ಮಳೆಗಾಳಿ ಬೀಸಿ ಹಿಡಿಯ ಖಾರವೆಲ್ಲ ಹಾರಿತು. ಮಂದಿ ಬಡಿಗೆ ಬಿಸಾಕಿ ಸೀನತೊಡಗಿದರು. ಆ ಮನುಷ್ಯ ತಾನೂ ಸೀನುತ್ತಲೇ, ತಾಡಪಾಲಿನ ಇನ್ನೊಂದು ತುದಿ ಹಿಡಿಯಿರೆಂದು ಸನ್ನೆ ಮಾಡಿದ. ಎಲ್ಲರೂ ಚಪ್ಪಲಿ ಬಿಟ್ಟು ಬಂದು ಹಿಡಿದರು. ಭರಮಮ್ಮ ಕಣ್ಣೊರೆಸಿಕೊಂಡು ಅವನ ಹೆಸರು ಕೇಳಿದಳು. ಬಿರಂಚಿ ಅಂದ.

ಮರುದಿನ ಏಳೂವರೆಗೆ ಬಿರಂಚಿ ಅವಳ ಮನೆಯಲ್ಲಿ ಮಂಡಕ್ಕಿ ತಿನ್ನುತ್ತ ಟಿವಿ ನೋಡುತ್ತಿದ್ದ. ಇನ್‌ಸ್ಪೆಕ್ಟರ್ ಒಬ್ಬ ಕರ್ರಗಿನವನ ಮೇಲೆ ಕೈ ಎತ್ತಿದ. ಭರಮಮ್ಮ ಎದ್ದು ಹೋಗಿ ಟಿವಿಗೆ ಅಡ್ಡ ನಿಂತಳು.

"ತಡಿಯಲೇ ತಮ್ಮ," ಅಂದಳು. "ಮೊದ್ಲು ಹೆಸರು ಕೇಳು."